ಕ್ಲಿಕ್ ಜಾಹೀರಾತು: ಜಾಲತಾಣವನ್ನು ಸುಸ್ಥಿತಿಯಲ್ಲಿಡುವ ಕ್ರಮಗಳು

ಮಾವು, ಬೆಲ್ಲ, ಮೆಣಸಿನಪುಡಿ, ಉಪ್ಪಿನಕಾಯಿ ಮುಂತಾದ ಪದಾರ್ಥಗಳನ್ನು ರೈತರೂ ರೈತ ಉತ್ಪಾದಕ ಕಂಪನಿಗಳೂ ತಮ್ಮದೇ ಜಾಲತಾಣದ ಮೂಲಕ ಗ್ರಾಹಕರಿಗೆ ನೇರವಾಗಿ ಮಾರುವ ಪದ್ಧತಿ ನಮ್ಮಲ್ಲಿ ಬೆಳೆಯುತ್ತಿದೆ. ಆದರೆ ಜಾಲತಾಣ ತೆರೆದ ಮಾತ್ರಕ್ಕೆ ಗ್ರಾಹಕರು ಬರುವುದಿಲ್ಲ. ಆದ್ದರಿಂದ ಹಲವರು ಗೂಗಲ್ ಮೊದಲಾದ ಹುಡುಕುತಾಣಗಳಲ್ಲಿ ಹಣ ಕೊಟ್ಟು ಜಾಹೀರಾತು ಹಾಕುತ್ತಾರೆ. ಹೀಗೆ ಹಾಕಿದವರಲ್ಲಿ ಕೆಲವರಿಗೆ ಹಣ ಖರ್ಚಾಗಿಯೂ ಬೇಡಿಕೆ ಬರುವುದಿಲ್ಲ. ಇನ್ನು ಕೆಲವರ ಜಾಹೀರಾತು ಸುಗ್ಗಿಯ ನಡುವೆಯೇ ನಿಂತುಹೋಗುತ್ತದೆ. ಮಾವು ಕಾಯುವ ಬೆಳೆಯಲ್ಲ. ಮೇ ತಿಂಗಳಲ್ಲಿ ಹತ್ತು ದಿನ ಜಾಹೀರಾತು ನಿಂತರೆ ಆ ಹತ್ತು ದಿನದ ಹಣ್ಣು ಮಂಡಿಗೆ ಸಿಕ್ಕಿದ ಬೆಲೆಗೆ ಹೋಗುತ್ತದೆ.

ಇಂಥ ನಷ್ಟಕ್ಕೆ ಜಾಹೀರಾತಿನ ಮಾತುಗಳಿಗಿಂತ ಅದರ ಹಿಂದಿರುವ ಜಾಲತಾಣವೇ ಅನೇಕ ವೇಳೆ ಕಾರಣವಾಗಿರುತ್ತದೆ. ಜಾಲತಾಣದ ಸ್ಥಿತಿ ಚೆನ್ನಾಗಿದ್ದರೆ ಕಡಿಮೆ ಹಣದಲ್ಲಿ ಮೇಲಿನ ಸ್ಥಾನ ದೊರೆಯಬಹುದು. ಕೆಟ್ಟಿದ್ದರೆ ಎಷ್ಟು ಹಣ ಹಾಕಿದರೂ ಪ್ರಯೋಜನವಿಲ್ಲ. ಇದು ಹೇಗೆ ಮತ್ತು ಇದಕ್ಕೆ ಕೈಗೊಳ್ಳಬೇಕಾದ ಕ್ರಮಗಳು ಯಾವುವು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪದ್ಧತಿಯ ಪರಿಚಯ

ಪತ್ರಿಕೆಯ ಜಾಹೀರಾತಿಗೆ ಅದು ಆಕ್ರಮಿಸುವ ಜಾಗದ ಅಳತೆಯ ಮೇಲೆ ದರ ನಿಗದಿಯಾಗುತ್ತದೆ. ಯಾರು ಓದಿದರು, ಯಾರು ಬಿಟ್ಟರು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಹುಡುಕುತಾಣದ ಜಾಹೀರಾತು ಹಾಗಲ್ಲ. ಗ್ರಾಹಕರು ‘ಬಾದಾಮಿ ಮಾವು ಮನೆಗೆ’ ಎಂದು ಹುಡುಕಿದಾಗ ಜಾಹೀರಾತು ಕಾಣಿಸುತ್ತದೆ. ಅವರು ಅದನ್ನು ಒತ್ತಿದರೆ, ಅಂದರೆ ಕ್ಲಿಕ್ ಮಾಡಿದರೆ ಮಾತ್ರ ಹಣ ಕೊಡಬೇಕಾಗುತ್ತದೆ. ಒತ್ತಿದಾಗ ತೆರೆದುಕೊಳ್ಳುವ ನಮ್ಮ ಪುಟಕ್ಕೆ ಲ್ಯಾಂಡಿಂಗ್ ಪುಟ ಎಂದು ಹೆಸರು.

ಈ ಪದ್ಧತಿಯನ್ನು 1998ರಲ್ಲಿ ಅಮೆರಿಕದ ಗೋಟು ಡಾಟ್ ಕಾಮ್ ಎಂಬ ಸಂಸ್ಥೆ ಬಳಕೆಗೆ ತಂದಿತು. ಅಲ್ಲಿ ಹೆಚ್ಚು ಹಣ ಕೂಗಿದವರ ಹೆಸರು ಮೇಲೆ ಬರುತ್ತಿತ್ತು. ಗೂಗಲ್ ಸಂಸ್ಥೆ 2000ದಲ್ಲಿ ಆಡ್‌ವರ್ಡ್ಸ್ ಎಂಬ ಜಾಹೀರಾತು ವ್ಯವಸ್ಥೆಯನ್ನು ಆರಂಭಿಸಿ, 2002ರಲ್ಲಿ ಕ್ಲಿಕ್ ಲೆಕ್ಕದ ಹರಾಜನ್ನು ಅಳವಡಿಸಿತು. 2018ರಿಂದ ಇದಕ್ಕೆ ಗೂಗಲ್ ಆಡ್ಸ್ ಎಂಬ ಹೆಸರಿದೆ. ಬಿಂಗ್ ಹುಡುಕುತಾಣಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯದೂ ಇಂಥದೇ ವ್ಯವಸ್ಥೆಯಿದೆ. ಮುಂದಿನ ವಿವರಗಳು ಮುಖ್ಯವಾಗಿ ಗೂಗಲ್‌ಗೆ ಸಂಬಂಧಿಸಿದವು.

ಹರಾಜಿನ ಲೆಕ್ಕ

ಎಪಿಎಂಸಿ ಪ್ರಾಂಗಣದ ಟೆಂಡರ್‌ನಲ್ಲಿ ಹೆಚ್ಚು ಬೆಲೆ ಬರೆದ ವರ್ತಕನಿಗೆ ಮಾಲು ಸಿಗುತ್ತದೆ. ಹುಡುಕುತಾಣದ ಹರಾಜಿನಲ್ಲಿ ಕೂಗಿದ ಬೆಲೆಯ ಜೊತೆಗೆ ಕೂಗಿದವರ ಜಾಹೀರಾತು ಮತ್ತು ಪುಟದ ಗುಣಮಟ್ಟವನ್ನೂ ತೂಗಲಾಗುತ್ತದೆ. ಹುಡುಕುವವರಿಗೆ ಬೇಕಾದದ್ದು ದೊರೆಯದಿದ್ದರೆ ಅವರು ಜಾಹೀರಾತುಗಳನ್ನು ನಂಬುವುದನ್ನೇ ಬಿಡುತ್ತಾರೆ ಎಂಬುದು ಇದಕ್ಕೆ ಕಾರಣ. ಒಂದು ಸರಳ ಉದಾಹರಣೆಯಿಂದ ಇದನ್ನು ತಿಳಿಯಬಹುದು.

ಮೊದಲನೆಯ ಮಾರಾಟಗಾರರು ಒಂದು ಕ್ಲಿಕ್ಕಿಗೆ 20 ರೂ. ಕೂಗುತ್ತಾರೆ, ಅವರ ಗುಣಮಟ್ಟ 3 ಎಂದಿರಲಿ. 20ನ್ನು 3ರಿಂದ ಗುಣಿಸಿದರೆ 60. ಎರಡನೆಯವರು 10 ರೂ. ಮಾತ್ರ ಕೂಗುತ್ತಾರೆ, ಅವರ ಗುಣಮಟ್ಟ 8. ಗುಣಿಸಿದರೆ 80. ಮೇಲಿನ ಸ್ಥಾನ ಎರಡನೆಯವರಿಗೆ ಸಲ್ಲುತ್ತದೆ. ಅಷ್ಟೇ ಅಲ್ಲ, ಕೂಗಿದ 10 ರೂ. ಪೂರ್ತಿ ಕೊಡಬೇಕಾಗಿಲ್ಲ. ಕೆಳಗಿನವರ 60ನ್ನು ದಾಟಲು ಬೇಕಾದಷ್ಟು, ಅಂದರೆ 60ನ್ನು 8ರಿಂದ ಭಾಗಿಸಿ ಬಂದ 7 ರೂ. 50 ಪೈಸೆಗಿಂತ ತುಸು ಹೆಚ್ಚು ಕೊಟ್ಟರೆ ಸಾಕು. ನಿಜವಾದ ಲೆಕ್ಕದಲ್ಲಿ ಹುಡುಕುವವರ ಊರು, ವೇಳೆ, ಅವರು ಬಳಸುವ ಉಪಕರಣ ಮುಂತಾದ ಅಂಶಗಳೂ ಸೇರುತ್ತವೆ. ಆದರೂ ತತ್ತ್ವ ಇದೇ.

ಗುಣಮಟ್ಟದ ಅಂಕ: ಮಣ್ಣು ಪರೀಕ್ಷೆಯ ವರದಿಯಂತೆ

ಗೂಗಲ್ ಸಂಸ್ಥೆ 2005ರಲ್ಲಿ ಕ್ವಾಲಿಟಿ ಸ್ಕೋರ್ ಎಂಬ ಅಳತೆಯನ್ನು ಜಾರಿಗೆ ತಂದಿತು. ನಾವು ಆರಿಸಿದ ಪ್ರತಿಯೊಂದು ಹುಡುಕುಪದಕ್ಕೂ 1ರಿಂದ 10ರವರೆಗೆ ಅಂಕವನ್ನು ಖಾತೆಯಲ್ಲಿ ನೋಡಬಹುದು. ಇದರಲ್ಲಿ ಮೂರು ಭಾಗಗಳಿವೆ.

1. ಜಾಹೀರಾತನ್ನು ಕಂಡವರು ಅದನ್ನು ಒತ್ತುವ ಸಂಭವ ಎಷ್ಟು?
2. ಹುಡುಕಿದ ವಿಷಯಕ್ಕೂ ಜಾಹೀರಾತಿಗೂ ಹೊಂದಿಕೆ ಇದೆಯೇ?
3. ಲ್ಯಾಂಡಿಂಗ್ ಪುಟ ಬಂದವರಿಗೆ ಉಪಯುಕ್ತವೇ, ಬಳಸಲು ಸುಲಭವೇ?

ಪ್ರತಿ ಭಾಗಕ್ಕೂ ‘ಸರಾಸರಿಗಿಂತ ಮೇಲು’, ‘ಸರಾಸರಿ’, ‘ಸರಾಸರಿಗಿಂತ ಕೆಳಗೆ’ ಎಂಬ ಮೂರರಲ್ಲಿ ಒಂದು ಗುರುತು ಇರುತ್ತದೆ. ಈ ಅಂಕವನ್ನು ಮಣ್ಣು ಪರೀಕ್ಷೆಯ ವರದಿಯಂತೆ ತಿಳಿಯಬೇಕು. ವರದಿಯೇ ಇಳುವರಿ ಕೊಡುವುದಿಲ್ಲ. ಯಾವ ಪೋಷಕಾಂಶ ಕಡಿಮೆಯಿದೆ ಎಂದು ತೋರಿಸುತ್ತದೆ. ಹಾಗೆಯೇ ಹರಾಜಿನಲ್ಲಿ ಈ ಅಂಕವನ್ನು ನೇರವಾಗಿ ಬಳಸುವುದಿಲ್ಲ. ಪ್ರತಿ ಹುಡುಕಾಟಕ್ಕೂ ಗುಣಮಟ್ಟವನ್ನು ಆಗಲೇ ಅಳೆಯಲಾಗುತ್ತದೆ. ಅಂಕ ಕಡಿಮೆಯಿದ್ದರೆ ಯಾವ ಭಾಗದಲ್ಲಿ ಕೊರತೆಯಿದೆ ಎಂದು ನೋಡಿ ಅದನ್ನೇ ಸರಿಪಡಿಸಬೇಕು. ಲ್ಯಾಂಡಿಂಗ್ ಪುಟದ ಭಾಗ ‘ಸರಾಸರಿಗಿಂತ ಕೆಳಗೆ’ ಎಂದಿದ್ದಾಗ ಜಾಹೀರಾತಿನ ಮಾತುಗಳನ್ನು ಎಷ್ಟು ಬದಲಿಸಿದರೂ ಆ ಕೊರತೆ ನೀಗುವುದಿಲ್ಲ.

ಪುಟದ ಸುಧಾರಣೆಯಿಂದ ಇನ್ನೊಂದು ಲಾಭವೂ ಇದೆ. ಒಂದು ಪೆಟ್ಟಿಗೆ ಮಾವಿನಲ್ಲಿ ಎಲ್ಲ ಖರ್ಚು ಕಳೆದು 120 ರೂ. ಉಳಿಯುತ್ತದೆ ಎಂದುಕೊಳ್ಳೋಣ. ಜಾಹೀರಾತು ಒತ್ತಿ ಬಂದ 20 ಜನರಲ್ಲಿ ಒಬ್ಬರು ಕೊಂಡರೆ, ಒಂದು ಕ್ಲಿಕ್ಕಿಗೆ 6 ರೂ. ಮೀರಿದೊಡನೆ ನಷ್ಟ. ಪುಟವನ್ನು ಸುಧಾರಿಸಿದ ಮೇಲೆ 10 ಜನರಲ್ಲಿ ಒಬ್ಬರು ಕೊಂಡರೆ 12 ರೂ.ವರೆಗೂ ತಡೆದುಕೊಳ್ಳಬಹುದು. ಜಾಹೀರಾತಿಗೆ ಹಣ ತೊಡಗಿಸುವ ಮೊದಲು ಪ್ರತಿಯೊಬ್ಬರೂ ತಮ್ಮ ಪದಾರ್ಥಕ್ಕೆ ಈ ಲೆಕ್ಕ ಹಾಕಿಕೊಳ್ಳಬೇಕು.

ಜಾಲತಾಣದ ಸಿದ್ಧತೆ

1. ಒಂದು ಪದಾರ್ಥಕ್ಕೆ ಒಂದು ಪುಟ: ಮಾವಿನ ಜಾಹೀರಾತು ಒತ್ತಿದವರಿಗೆ ಮಾವಿನ ಪುಟವೇ ತೆರೆಯಬೇಕು. ಸಂಘದ ಇತಿಹಾಸ, ಉದ್ಘಾಟನೆಯ ಚಿತ್ರಗಳಿರುವ ಮುಖಪುಟ ತೆರೆದರೆ ಹುಡುಕಿ ಬಂದವರು ಹಿಂದಿರುಗುತ್ತಾರೆ. ಅವರ ಕ್ಲಿಕ್ಕಿನ ಹಣ ಮಾತ್ರ ಹೋಗಿರುತ್ತದೆ. ಪುಟದಲ್ಲಿ ತಳಿ, ತೂಕ, ಒಂದು ಪೆಟ್ಟಿಗೆಯಲ್ಲಿರುವ ಹಣ್ಣಿನ ಅಂದಾಜು ಸಂಖ್ಯೆ, ಬೆಲೆ, ಸಾಗಣೆ ವೆಚ್ಚ, ತಲುಪಿಸುವ ಊರುಗಳು ಮತ್ತು ದಿನಗಳನ್ನು ಸ್ಪಷ್ಟವಾಗಿ ಬರೆಯಬೇಕು.

2. ಬೆಲೆಯನ್ನು ಮುಚ್ಚಿಡಬಾರದು: ಜಾಹೀರಾತಿನಲ್ಲಿ ಒಂದು ಬೆಲೆ, ಪುಟದಲ್ಲಿ ಇನ್ನೊಂದು, ಹಣ ಕಟ್ಟುವಾಗ ಮತ್ತೊಂದು ಆಗಬಾರದು. ಪ್ಯಾಕಿಂಗ್ ಮತ್ತು ಸಾಗಣೆ ವೆಚ್ಚವನ್ನು ಮೊದಲೇ ತಿಳಿಸಬೇಕು. ಖರ್ಚನ್ನು ಅಡಗಿಸುವುದನ್ನು ಜಾಹೀರಾತು ನಿಯಮಗಳು ತಪ್ಪು ನಿರೂಪಣೆ ಎಂದು ಪರಿಗಣಿಸುತ್ತವೆ.

3. ವೇಗ: ಮೊಬೈಲಿನಲ್ಲಿ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿದರೆ ಉತ್ತಮ ಎಂಬುದು ಗೂಗಲ್ ಇಟ್ಟುಕೊಂಡಿರುವ ಅಳತೆ. ಕ್ಯಾಮೆರಾದಿಂದ ತೆಗೆದ ದೊಡ್ಡ ಚಿತ್ರಗಳನ್ನು ಹಾಗೆಯೇ ಏರಿಸುವುದು ನಿಧಾನಕ್ಕೆ ಮುಖ್ಯ ಕಾರಣಗಳಲ್ಲೊಂದು. ಚಿತ್ರಗಳ ಗಾತ್ರ ಕುಗ್ಗಿಸಿ ಹಾಕಬೇಕು. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ಸೌಲಭ್ಯದಿಂದ ವೇಗವನ್ನು ಪರೀಕ್ಷಿಸಿಕೊಳ್ಳಬಹುದು.

4. ಸುರಕ್ಷಿತ ವಿಳಾಸ: ಜಾಲತಾಣದ ವಿಳಾಸ ‘ಎಚ್‌ಟಿಟಿಪಿಎಸ್’ ಎಂದು ಆರಂಭವಾಗಬೇಕು. ಇದಕ್ಕೆ ಬೇಕಾದ ಪ್ರಮಾಣಪತ್ರ ಉಚಿತವಾಗಿಯೂ ದೊರೆಯುತ್ತದೆ. ಅದರ ಅವಧಿ ಕೆಲವೇ ತಿಂಗಳು. ತಾನಾಗಿಯೇ ನವೀಕರಣವಾಗುವ ಏರ್ಪಾಡು ಮಾಡಿಕೊಳ್ಳದಿದ್ದರೆ ಬಂದವರಿಗೆ ಅಪಾಯದ ಸೂಚನೆ ಕಾಣಿಸುತ್ತದೆ.

5. ಮಾಲೀಕರ ಪರಿಚಯ: ಹೆಸರು, ಪೂರ್ಣ ವಿಳಾಸ, ದೂರವಾಣಿ, ಇ-ಮೇಲ್ ಎಲ್ಲವೂ ಪುಟದಲ್ಲಿರಬೇಕು. ಹಣ ವಾಪಸಾತಿಯ ನಿಯಮ, ಗ್ರಾಹಕರ ಮಾಹಿತಿಯನ್ನು ಹೇಗೆ ಕಾಪಾಡಲಾಗುತ್ತದೆ ಎಂಬ ವಿವರ ಪ್ರತ್ಯೇಕ ಪುಟಗಳಲ್ಲಿರಲಿ. ಇದು ಕಾನೂನಿನ ಅಗತ್ಯವೂ ಹೌದು. ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು, 2020ರ ಪ್ರಕಾರ ಜಾಲತಾಣದಲ್ಲಿ ಮಾರುವ ಸಂಸ್ಥೆ ಈ ವಿವರಗಳ ಜೊತೆಗೆ ಕುಂದುಕೊರತೆ ಅಧಿಕಾರಿಯ ಹೆಸರನ್ನೂ ಪ್ರಕಟಿಸಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ನೀಡಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಉಪ್ಪಿನಕಾಯಿ, ಮೆಣಸಿನಪುಡಿಯಂಥ ಸಂಸ್ಕರಿತ ಆಹಾರವಾದರೆ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆಯನ್ನೂ ನಮೂದಿಸಬೇಕು.

6. ಹೆಸರುಗಳ ಹೊಂದಿಕೆ: ಗೂಗಲ್ ಜಾಹೀರಾತುದಾರರ ಗುರುತಿನ ದಾಖಲೆ ಕೇಳುತ್ತದೆ. ದಾಖಲೆಯಲ್ಲಿ ಒಂದು ಹೆಸರು, ಹಣ ಪಾವತಿಯ ವಿವರದಲ್ಲಿ ಬೇರೊಂದು ಹೆಸರು ಇದ್ದರೆ ತೊಡಕಾಗುತ್ತದೆ. ಸುಗ್ಗಿಗೆ ಮೊದಲೇ ಈ ಕೆಲಸ ಮುಗಿಸುವುದು ಒಳ್ಳೆಯದು.

ಹೇಳಿಕೆಗಳಲ್ಲಿ ಎಚ್ಚರಿಕೆ

ಉತ್ಸಾಹದಿಂದ ಬರೆದ ಮಾತು ಖಾತೆಗೆ ಕುತ್ತಾಗಬಹುದು. ‘ಈ ಬೆಲ್ಲ ತಿಂದರೆ ಸಕ್ಕರೆ ಕಾಯಿಲೆ ಗುಣವಾಗುತ್ತದೆ’ ಎಂಬ ವಾಕ್ಯ ಜಾಹೀರಾತಿನಲ್ಲಿ ಇಲ್ಲದೆ ಪುಟದ ಮೂಲೆಯಲ್ಲಿದ್ದರೂ ಜಾಹೀರಾತು ತಿರಸ್ಕೃತವಾಗಬಹುದು, ಏಕೆಂದರೆ ಪುಟವನ್ನೂ ಪರಿಶೀಲಿಸಲಾಗುತ್ತದೆ. ಇಂಥ ಹೇಳಿಕೆ ದೇಶದ ಕಾನೂನಿಗೂ ವಿರುದ್ಧ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಣೀಯ ಜಾಹೀರಾತು) ಕಾಯ್ದೆ, 1954 ಮಧುಮೇಹವೂ ಸೇರಿದಂತೆ ಪಟ್ಟಿ ಮಾಡಿದ ರೋಗಗಳಿಗೆ ಪರಿಹಾರವೆಂದು ಪ್ರಚಾರ ಮಾಡುವುದನ್ನು ನಿಷೇಧಿಸಿದೆ. ಬೆಲ್ಲದಲ್ಲಿರುವುದೂ ಮುಖ್ಯವಾಗಿ ಸಕ್ಕರೆಯೇ. ಆ ಮಾತನ್ನು ನಂಬಿದ ರೋಗಿಗೆ ಹಾನಿಯಾದೀತು.

‘ಸಾವಯವ’ ಎಂಬ ಪದವನ್ನು ಎನ್‌ಪಿಒಪಿ ಅಥವಾ ಪಿಜಿಎಸ್ ಪ್ರಮಾಣಪತ್ರ ಇದ್ದಾಗ ಅದರ ಸಂಖ್ಯೆಯೊಂದಿಗೆ ಬಳಸುವುದು ಕ್ಷೇಮ. ಹಣ್ಣು ಮಾಗಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದು ನಿಷಿದ್ಧ. ಎಥಿಲಿನ್ ಅನಿಲವನ್ನು 100 ಪಿಪಿಎಂವರೆಗೆ ಬಳಸಲು ಅನುಮತಿಯಿದೆ. ಎಥಿಲಿನ್ ಕೋಣೆಯಲ್ಲಿ ಮಾಗಿಸಿದ್ದರೆ ಹಾಗೆಂದೇ ಬರೆಯಬೇಕು; ‘ಹುಲ್ಲಿನಲ್ಲಿ ಮಾಗಿಸಿದ್ದು’ ಎನ್ನಬಾರದು. ಬೇರೆಯವರ ತೋಟದ ಚಿತ್ರ, ಬೇರೆ ತಳಿಯ ಚಿತ್ರಗಳನ್ನೂ ಹಾಕಬಾರದು.

ಜಾಹೀರಾತಿನ ಬರಹದಲ್ಲಿ ಆಶ್ಚರ್ಯಸೂಚಕ ಚಿಹ್ನೆಗಳ ಸಾಲು, ಅಲಂಕಾರದ ಗುರುತುಗಳು ಸಲ್ಲವು. ದೂರವಾಣಿ ಸಂಖ್ಯೆಯನ್ನು ಬರಹದೊಳಗೆ ಸೇರಿಸುವಂತಿಲ್ಲ. ಕರೆಗೆಂದೇ ಇರುವ ಪ್ರತ್ಯೇಕ ಸೌಲಭ್ಯದಲ್ಲಿ ಕೊಡಬೇಕು.

ತೊಂದರೆಗಳು: ಲಕ್ಷಣ, ಕಾರಣ ಮತ್ತು ಹತೋಟಿ

ಸಾಮಾನ್ಯವಾಗಿ ಒಂದು ಜಾಹೀರಾತಿನ ಪರಿಶೀಲನೆ ಒಂದು ಕೆಲಸದ ದಿನದೊಳಗೆ ಮುಗಿಯುತ್ತದೆ. ಒಪ್ಪಿಗೆ ಸಿಕ್ಕ ಮೇಲೂ ಮರುಪರಿಶೀಲನೆ ನಡೆಯಬಹುದು. ಆದ್ದರಿಂದ ನಿನ್ನೆ ನಡೆಯುತ್ತಿದ್ದ ಜಾಹೀರಾತು ಇಂದು ನಿಲ್ಲಬಹುದು. ಸಾಮಾನ್ಯವಾಗಿ ಕಂಡುಬರುವ ತೊಂದರೆಗಳು ಹೀಗಿವೆ.

ಅ) ಪುಟ ತೆರೆಯುತ್ತಿಲ್ಲ ಎಂಬ ಆಕ್ಷೇಪ. ಪುಟವನ್ನು ಅಳಿಸಿರುವುದು, ವಿಳಾಸ ಬದಲಿಸಿರುವುದು, ಜಾಲತಾಣದ ಹೆಸರಿನ ನೋಂದಣಿ ನವೀಕರಿಸದಿರುವುದು ಅಥವಾ ‘ಕೆಲಸ ನಡೆಯುತ್ತಿದೆ’ ಎಂಬ ಫಲಕವಷ್ಟೇ ಇರುವುದು ಇದಕ್ಕೆ ಕಾರಣ. ಜಾಹೀರಾತಿನಲ್ಲಿ ಕೊಟ್ಟ ವಿಳಾಸವನ್ನು ಬೇರೆ ಬೇರೆ ಮೊಬೈಲುಗಳಲ್ಲಿ ತೆರೆದು ನೋಡಬೇಕು.

ಆ) ನಮಗೆ ಪುಟ ತೆರೆಯುತ್ತದೆ, ಆದರೂ ಅದೇ ಆಕ್ಷೇಪ. ಪುಟಗಳನ್ನು ಪರಿಶೀಲಿಸಲು ಗೂಗಲ್ ಕಳುಹಿಸುವ ತಂತ್ರಾಂಶಕ್ಕೆ ಆಡ್ಸ್‌ಬಾಟ್ ಎಂದು ಹೆಸರು. ಜಾಲತಾಣದ ರಕ್ಷಣಾ ವ್ಯವಸ್ಥೆ ಅದನ್ನು ಅಪರಿಚಿತವೆಂದು ತಡೆದಿರಬಹುದು. ಭಾರತದ ಹೊರಗಿನವರಿಗೆ ಪುಟ ಕಾಣದಂತೆ ಮಾಡಿರುವುದೂ ಕಾರಣವಾಗಿರಬಹುದು. ಜಾಲತಾಣ ನೋಡಿಕೊಳ್ಳುವವರಿಗೆ ಆಡ್ಸ್‌ಬಾಟ್‌ಗೆ ದಾರಿ ಬಿಡುವಂತೆ ಸೂಚಿಸಬೇಕು.

ಇ) ಸಿಗದ ವಸ್ತುವಿನ ಪ್ರಚಾರ. ಹಣ್ಣು ಮುಗಿದಿದ್ದರೂ ಜಾಹೀರಾತು ಓಡುತ್ತಿರುತ್ತದೆ. ದಾಸ್ತಾನು ಇಲ್ಲದ ವಸ್ತುವನ್ನು ಸಿಗುವಂತೆ ತೋರಿಸುವುದು ನಿಯಮದ ಉಲ್ಲಂಘನೆ. ಹಣ್ಣು ಮುಗಿದ ದಿನವೇ ಮೊದಲು ಜಾಹೀರಾತು ನಿಲ್ಲಿಸಿ, ಅನಂತರ ಪುಟವನ್ನು ತಿದ್ದಬೇಕು.

ಈ) ಜಾಲತಾಣಕ್ಕೆ ಕನ್ನ. ಮಾವಿನ ಪುಟ ಒತ್ತಿದವರಿಗೆ ಜೂಜಿನ ಪುಟವೋ ಔಷಧದ ಅಂಗಡಿಯೋ ತೆರೆದುಕೊಳ್ಳುತ್ತದೆ. ಇದು ಕೆಲವೊಮ್ಮೆ ಮಾಲೀಕರಿಗೆ ಕಾಣದೆ ಹುಡುಕುತಾಣದಿಂದ ಬಂದವರಿಗೆ ಮಾತ್ರ ಕಾಣಿಸುವಂತಿರುತ್ತದೆ. ಹಳೆಯ ತಂತ್ರಾಂಶ, ಹಣ ಕೊಡದೆ ತಂದ ಕಳ್ಳ ಪ್ರತಿಗಳು, ದುರ್ಬಲ ಪಾಸ್‌ವರ್ಡ್ ಇದಕ್ಕೆ ಮುಖ್ಯ ಕಾರಣಗಳು. ಕೇವಲ ಕಾಣುವ ಪುಟವನ್ನು ಅಳಿಸಿದರೆ ಸಾಲದು. ಗರಿಕೆಯ ಬೇರು ಉಳಿದರೆ ಮತ್ತೆ ಚಿಗುರುವಂತೆ ಕೇಡಿನ ಕಡತ ಉಳಿದರೆ ಮತ್ತೆ ಹರಡುತ್ತದೆ. ಇಡೀ ಜಾಲತಾಣವನ್ನು ಶುದ್ಧ ಪ್ರತಿಯಿಂದ ಮರುಸ್ಥಾಪಿಸಿ, ತಂತ್ರಾಂಶವನ್ನು ನವೀಕರಿಸಿ, ಎಲ್ಲ ಪಾಸ್‌ವರ್ಡ್‌ಗಳನ್ನು ಬದಲಿಸಬೇಕು. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯದಲ್ಲಿ ಜಾಲತಾಣವನ್ನು ನೋಂದಾಯಿಸಿದ್ದರೆ ಇಂಥ ತೊಂದರೆಯ ಸೂಚನೆ ಬೇಗ ದೊರೆಯುತ್ತದೆ. ಜಾಲತಾಣದ ಒಂದು ಪ್ರತಿಯನ್ನು ಬೇರೆಡೆ ಸದಾ ಇಟ್ಟುಕೊಂಡಿರಬೇಕು.

ಉ) ಕ್ಲಿಕ್ ಬಹಳ, ಖರೀದಿ ಇಲ್ಲ. ‘ಮಾವಿನ ಸಸಿ’, ‘ಮಾವಿನ ರೋಗ’, ‘ಮಾವಿನ ಧಾರಣೆ’ ಎಂದು ಹುಡುಕಿದವರಿಗೂ ಜಾಹೀರಾತು ಕಾಣುತ್ತಿರಬಹುದು. ಇವರಾರೂ ಹಣ್ಣು ಕೊಳ್ಳಲು ಬಂದವರಲ್ಲ. ಜನರು ನಿಜವಾಗಿ ಹುಡುಕಿದ ಪದಗಳ ವರದಿ ಖಾತೆಯಲ್ಲಿ ಸಿಗುತ್ತದೆ. ವಾರಕ್ಕೊಮ್ಮೆ ಅದನ್ನು ನೋಡಿ, ಬೇಡದ ಪದಗಳನ್ನು ಹೊರಗಿಡುವ ಪಟ್ಟಿಗೆ ಸೇರಿಸಬೇಕು. ಇದು ಕಳೆ ಕೀಳುವಂಥ ಕೆಲಸ. ಒಮ್ಮೆ ಮಾಡಿ ಬಿಡುವಂಥದಲ್ಲ.

ಖಾತೆ ಸ್ಥಗಿತಗೊಂಡರೆ

ಒಂದು ಜಾಹೀರಾತು ತಿರಸ್ಕೃತವಾಗುವುದು ಬೇರೆ, ಇಡೀ ಖಾತೆ ಸ್ಥಗಿತವಾಗುವುದು ಬೇರೆ. ಅನೇಕ ಉಲ್ಲಂಘನೆಗಳಲ್ಲಿ ಖಾತೆ ಸ್ಥಗಿತಗೊಳಿಸುವ ಮೊದಲು ಕನಿಷ್ಠ 7 ದಿನಗಳ ಎಚ್ಚರಿಕೆ ನೀಡಲಾಗುತ್ತದೆ. ಮೋಸ, ನಿಯಮದಿಂದ ನುಣುಚಿಕೊಳ್ಳುವ ಯತ್ನದಂಥ ತೀವ್ರ ಉಲ್ಲಂಘನೆಗಳಲ್ಲಿ ಎಚ್ಚರಿಕೆಯಿಲ್ಲದೆಯೇ ಸ್ಥಗಿತಗೊಳಿಸಬಹುದು. ಎಚ್ಚರಿಕೆ ಇ-ಮೇಲ್ ಮೂಲಕ ಬರುವುದರಿಂದ ಯಾರೂ ನೋಡದ ಇ-ಮೇಲ್ ವಿಳಾಸವನ್ನು ಖಾತೆಗೆ ಕೊಡಬಾರದು.

ಖಾತೆ ಸ್ಥಗಿತವಾದಾಗ ಗಾಬರಿಯಿಂದ ಬೇರೊಂದು ಹೆಸರಿನಲ್ಲಿ ಹೊಸ ಖಾತೆ ತೆರೆಯುವುದು ದೊಡ್ಡ ತಪ್ಪು. ಇದನ್ನು ವ್ಯವಸ್ಥೆಯಿಂದ ನುಣುಚಿಕೊಳ್ಳುವ ಯತ್ನವೆಂದು ಪರಿಗಣಿಸಿ ಹೊಸ ಖಾತೆಯನ್ನೂ ನಿಲ್ಲಿಸಲಾಗುತ್ತದೆ. ಸರಿಯಾದ ಕ್ರಮವೆಂದರೆ ಆಕ್ಷೇಪವನ್ನು ಪೂರ್ತಿ ಓದುವುದು, ಜಾಲತಾಣದಲ್ಲಿ ದೋಷವನ್ನು ಸರಿಪಡಿಸುವುದು, ಏನು ಸರಿಪಡಿಸಲಾಯಿತು ಎಂಬುದನ್ನು ದಾಖಲೆಗಳೊಂದಿಗೆ ಬರೆದು ಮೇಲ್ಮನವಿ ಸಲ್ಲಿಸುವುದು. ದೋಷ ಸರಿಪಡಿಸದೆ ಮೇಲಿಂದ ಮೇಲೆ ಮನವಿ ಸಲ್ಲಿಸಿದರೆ ಫಲವಿಲ್ಲ. ‘ಹಣ ಕೊಟ್ಟರೆ ಖಾತೆ ಬಿಡಿಸಿಕೊಡುತ್ತೇವೆ’ ಎಂದು ದೂರವಾಣಿ ಮಾಡುವವರನ್ನು ನಂಬಬಾರದು. ಪಾಸ್‌ವರ್ಡ್, ಒಟಿಪಿಗಳನ್ನು ಯಾರಿಗೂ ತಿಳಿಸಬಾರದು.

ಮಾವು ಬೆಳೆಗಾರರಿಗೆ ಕಾಲಾನುಕ್ರಮ ಕೆಲಸಗಳು

ಡಿಸೆಂಬರ್–ಜನವರಿ (ಹೂ ಬಿಡುವ ಕಾಲ): ಜಾಲತಾಣದ ಹೆಸರಿನ ನೋಂದಣಿ ಯಾವಾಗ ಮುಗಿಯುತ್ತದೆ ಎಂದು ನೋಡಿ ನವೀಕರಿಸುವುದು. ತಂತ್ರಾಂಶ ನವೀಕರಣ, ಪಾಸ್‌ವರ್ಡ್ ಬದಲಾವಣೆ. ಸ್ವಂತ ತೋಟದ ಚಿತ್ರ ತೆಗೆಯುವುದು.

ಫೆಬ್ರವರಿ–ಮಾರ್ಚ್ (ಕಾಯಿ ಕಚ್ಚುವ ಕಾಲ): ಪುಟದ ಬರಹ ಸಿದ್ಧಪಡಿಸುವುದು. ಗುರುತಿನ ದಾಖಲೆ ಸಲ್ಲಿಸುವುದು. ಒಂದು ಪರೀಕ್ಷಾ ಖರೀದಿ ಮಾಡಿ ಹಣ ಪಾವತಿ ಸರಿಯಾಗಿ ನಡೆಯುವುದೇ ಎಂದು ನೋಡುವುದು. ಮುಂಗಡ ಪಡೆಯುವುದಾದರೆ ಹಣ್ಣು ತಲುಪುವ ಅಂದಾಜು ದಿನವನ್ನು ಎದ್ದು ಕಾಣುವಂತೆ ಬರೆಯುವುದು.

ಏಪ್ರಿಲ್–ಜೂನ್ (ಕೊಯ್ಲು): ಮೊದಲು ಸಣ್ಣ ಮೊತ್ತದಿಂದ ಜಾಹೀರಾತು ಆರಂಭಿಸಿ ಫಲ ನೋಡಿ ಹೆಚ್ಚಿಸುವುದು. ದಿನವೂ ಬೆಳಿಗ್ಗೆ ಮೊಬೈಲಿನಲ್ಲಿ ಪುಟ ತೆರೆದು ಬೆಲೆ, ದಾಸ್ತಾನು ಸರಿಯಿದೆಯೇ ಎಂದು ನೋಡುವುದು. ಇ-ಮೇಲ್ ಓದುವುದು. ತಮ್ಮ ಜಾಹೀರಾತನ್ನು ತಾವೇ ಹುಡುಕಿ ಒತ್ತಬಾರದು.

ಜುಲೈ: ಹಣ್ಣು ಮುಗಿಯುತ್ತಿದ್ದಂತೆ ಜಾಹೀರಾತು ನಿಲ್ಲಿಸುವುದು. ಪುಟವನ್ನು ಅಳಿಸದೆ, ಮುಂದಿನ ಹಂಗಾಮಿನ ಸೂಚನೆ ಹಾಕಿ ಉಳಿಸಿಕೊಳ್ಳುವುದು.

ಆಗಸ್ಟ್–ನವೆಂಬರ್: ಖರ್ಚು, ಕ್ಲಿಕ್, ಖರೀದಿ ಇವುಗಳ ಲೆಕ್ಕ ತೆಗೆಯುವುದು. ಉಳಿದ ದೂರುಗಳನ್ನು ಇತ್ಯರ್ಥಪಡಿಸುವುದು. ಜಾಲತಾಣದ ಪ್ರತಿ ತೆಗೆದಿಡುವುದು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಹಳ್ಳಿಗಳಲ್ಲಿ ಅನೇಕ ಜಾಲತಾಣಗಳನ್ನು ಪೇಟೆಯ ಯಾರೋ ಒಬ್ಬರು ಮಾಡಿಕೊಟ್ಟಿರುತ್ತಾರೆ. ಅವರು ಊರು ಬಿಟ್ಟರೆ ಜಾಲತಾಣವೂ ಕೈತಪ್ಪುತ್ತದೆ. ಆದ್ದರಿಂದ ಸಂಘಗಳಿಗೆ ಭೇಟಿ ಕೊಟ್ಟಾಗ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಜಾಲತಾಣದ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ? ಜಾಹೀರಾತು ಖಾತೆಯ ಮೇಲೆ ಸಂಘಕ್ಕೆ ಪೂರ್ಣ ಅಧಿಕಾರವಿದೆಯೇ? ಎಚ್ಚರಿಕೆಯ ಪತ್ರಗಳು ಯಾರ ಇ-ಮೇಲ್‌ಗೆ ಬರುತ್ತವೆ? ಈ ಮೂರಕ್ಕೂ ಉತ್ತರ ಸಂಘದ ದಾಖಲೆ ಪುಸ್ತಕದಲ್ಲಿರಬೇಕು.

ಒಟ್ಟಿನಲ್ಲಿ, ಹದವಿಲ್ಲದ ನೆಲಕ್ಕೆ ಬೀಜದ ಪ್ರಮಾಣ ಹೆಚ್ಚಿಸಿದರೆ ಬೆಳೆ ಬಾರದು. ಹಾಗೆಯೇ ಕೆಟ್ಟ ಪುಟಕ್ಕೆ ಜಾಹೀರಾತಿನ ಹಣ ಹೆಚ್ಚಿಸುವುದರಿಂದ ಮಾರಾಟ ಹೆಚ್ಚುವುದಿಲ್ಲ. ಹಣ ತೊಡಗಿಸುವ ಮೊದಲು ರೈತ ಬಾಂಧವರು ತಮ್ಮ ಪುಟವನ್ನು ಗ್ರಾಹಕರ ಕಣ್ಣಿನಿಂದ ಒಮ್ಮೆ ನೋಡಿ, ಬರೆದದ್ದೆಲ್ಲ ನಿಜವೇ, ತೋರಿಸಿದ್ದೆಲ್ಲ ಸಿಗುತ್ತದೆಯೇ ಎಂದು ಖಚಿತಪಡಿಸಿಕೊಂಡು ಮುಂದುವರಿಯುವುದು ಸೂಕ್ತ.